ಕುರಿಗಾಹಿ ಅಜ್ಜ ಬೋಳಿಸಲು ಒಪ್ಪದ ನಮ್ಮ ಚಿನ್ನು

ಗೆಳೆಯರೇ, ನಮ್ಮ ಚಿನ್ನು ಇವತ್ತು ಬೆಳಿಗ್ಗೆ ಕುರಿ ಹಿಂಡು ಸೇರಿಬಿಟ್ಟಿದ್ದ. ಚಿನ್ನು ನಮ್ಮನೆಯ ಪೂಡಲ್ ಮಿಶ್ರತಳಿ ನಾಯಿ. ಮೈತುಂಬ ಗುಂಗುರು ಕೂದಲು, ದಿನಾ ನಾನು ಕೂತು ಬಾಚದಿದ್ದರೆ ಗಂಟು ಕಟ್ಟುತ್ತದೆ. ಅತ್ತೆಗೆ ಅದೇ ಸಿಟ್ಟು: “ನಿನ್ನ ಮಗಳ ಜಡೆಗೆ ಐದು ನಿಮಿಷ, ನಾಯಿಗೆ ಅರ್ಧ ತಾಸು!”

ದೇವರಾಜ ಅರಸು ಬಡಾವಣೆಯ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಹರಿಹರದ ಕಡೆಯ ಅಜ್ಜರೊಬ್ಬರು ಕುರಿ ಮೇಯಿಸುತ್ತಿದ್ದರು. ಗೇಟು ತೆರೆದದ್ದೇ ತಡ, ಚಿನ್ನು ಹಿಂಡಿನೊಳಗೆ ನುಗ್ಗಿದ. ಅಜ್ಜ ತಮ್ಮದೇ ಮರಿಯೆಂದು ಹಿಂಗಾಲು ಹಿಡಿದು ಎಳೆದರು. ಮರಿ ಬೊಗಳಿತು!

ಅತ್ತೆಗೆ ಅಷ್ಟೇ ಸಾಕಾಯಿತು. “ಯಜಮಾನ್ರೇ, ಕತ್ರಿ ಐತೇನ್ರಿ? ಇದನ್ನೂ ಬೋಳಿಸಿ ಬಿಡ್ರಿ.”

ನಾನು ಓಡಿಹೋಗಿ ಚಿನ್ನುವನ್ನು ಅಪ್ಪಿಕೊಂಡೆ. ಅಜ್ಜ ಅವನ ಹೊಟ್ಟೆ, ಕಿವಿಯ ಹಿಂದೆಲ್ಲ ಬೆರಳಾಡಿಸಿ ನೋಡಿದರು. “ಒಂದು ಗಂಟಿಲ್ಲ, ಒಂದು ಉಣ್ಣಿ ಇಲ್ಲ. ನಮ್ಮ ಕುರೀನೂ ಹಿಂಗ ಇಟ್ಕಳಾಕ ಆಗಲ್ಲ. ಬೋಳಿಸಾದು ಬ್ಯಾಡ್ರಿ ತಾಯಿ.”

ಜೀವಮಾನವಿಡೀ ಉಣ್ಣೆ ಕತ್ತರಿಸಿದ ಕೈ ಅದು. ನನಗೆ ಇನ್ನೇನು ಬೇಕು?

ಸಂಜೆ ಅತ್ತೆ ಎದುರು ಮನೆಯವರಿಗೆ ಹೇಳುತ್ತಿದ್ದರು: “ಸುಮ್ನ ಅಲ್ರಿ, ದಿನಾ ಕುಂತು ಬಾಚ್ತೀವಿ.”

ಬಾಚಣಿಗೆ ಎಲ್ಲಿದೆ ಎಂದು ಅವರನ್ನೊಮ್ಮೆ ಕೇಳಬೇಕಿತ್ತು.