ತುಂಬೆಯಿಲ್ಲದ ಬದು

ನನಗೆ ಕೋಪ ಬೇಗ ಬರುತ್ತದೆ. ಹೂವಿನ ವಿಷಯದಲ್ಲಂತೂ ಕೇಳಲೇಬೇಡಿ. ಹೋದ ಕಾರ್ತಿಕದಲ್ಲಿ ಆಫೀಸಿನ ಗೆಳತಿಯೊಬ್ಬಳು ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಸ್ನೋಡ್ರಾಪ್ ಅಂತೆ. ದೂರದ ಶೀತದೇಶಗಳಲ್ಲಿ ಚಳಿ ಮುಗಿಯುವ ಮೊದಲೇ ಹಿಮದ ನಡುವೆ ತಲೆಯೆತ್ತುವ ಬಿಳಿ ಹೂವು. ‘ಎಷ್ಟು ಧೈರ್ಯ ನೋಡಿ’ ಎಂದು ಕೆಳಗೆ ಬರೆದಿದ್ದಳು. ನಮ್ಮ ತುಂಬೆಗೇನು ಧೈರ್ಯ ಕಡಿಮೆಯೇ? ಚಳಿ ಶುರುವಾಗುತ್ತಿದ್ದಂತೆ, ಯಾರೂ ನೆಡದೆ, ನೀರು ಹಾಕದೆ, ದನ ತುಳಿದ ಜಾಗದಲ್ಲೇ ಅಕ್ಕಿಕಾಳಿನಷ್ಟು ಬೆಳ್ಳಗೆ ಅರಳುತ್ತದೆ. ಶಿವನಿಗೆ ಅದೇ ಪ್ರೀತಿ ಎನ್ನುತ್ತಾರೆ. ಇರಬಹುದು, ಅವನೂ ಬಂಗಲೆ ಕಟ್ಟಿಸಿಕೊಂಡವನಲ್ಲ.

ಕೊನೆಯ ಸೋಮವಾರದ ಪೂಜೆಗೆ ಹೂವು ತರಲು ಭಾನುವಾರ ಚಾಮರಾಜನಗರದಿಂದ ಹೊರಟು, ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ, ಬೇಗೂರಿನ ತವರಿಗೆ ಹೋದೆ. ನೋಡಿದರೆ ಒಂದು ಮೂಲೆ ಬಿಟ್ಟು ಅರಿಸಿನದ ಹೊಲದ ಬದುವೆಲ್ಲ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಒಂದು ತುಂಬೆ ಗಿಡವಿಲ್ಲ. ಅಣ್ಣ ಕಳೆನಾಶಕ ಹೊಡೆದಿದ್ದ.

“ತುಂಬೆ ನಿನ್ ಅರಿಸಿನಕ್ಕೆ ಏನ್ ಮಾಡಿತ್ತಣ್ಣ?” ಎಂದೆ. ಅಮ್ಮ ಇದ್ದಾಗಿನಿಂದ ಅದೇ ಬದುವಿನ ಹೂವು ನಮ್ಮ ಪೂಜೆಗೆ.

“ಕಳೆ ಏರ್ಬುಟ್ಟಿತ್ತು ಕಣಮ್ಮಿ, ಔಸ್ದಿ ಬುಟ್ಬುಟ್ಟೆ,” ಎಂದ ಅಣ್ಣ. “ಆಳು ಎಲ್ ಸಿಕ್ತಾರೆ? ನೀನು ವರ್ಸಕ್ಕೊಂದ್ಸಲ ಊವ ಕುಯ್ಯಕ್ಕೆ ಬತ್ತೀಯ. ಕಳೆ ಕೀಳಕ್ಕೆ ಯಾರ್ ಬತ್ತಾರೆ?”

ಸರಿಯಾದ ಮಾತು. ಕೋಪ ಬಂದಾಗ ಸರಿಯಾದ ಮಾತಿನಷ್ಟು ಮೈ ಉರಿಸುವುದು ಬೇರೊಂದಿಲ್ಲ. ಸೆರಗು ಸಿಕ್ಕಿಸಿಕೊಂಡು, ಔಷಧಿ ತಾಕದೆ ಬರೀ ಗರಿಕೆ ಹಬ್ಬಿದ್ದ ಮೂಲೆಯ ಬದುವಿನಲ್ಲಿ ಕೂತು ಕಳೆ ಕೀಳತೊಡಗಿದೆ. ಗರಿಕೆಯ ಬೇರು ನೆಲ ಬಿಡುವುದಿಲ್ಲ, ನಾನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮಾರು ಮುಗಿದಿತ್ತು, ಸೊಂಟವೂ ಮುಗಿದಿತ್ತು. ಅತ್ತಿಗೆ ಕೈ ಹಿಡಿದು ಎಬ್ಬಿಸಬೇಕಾಯಿತು.

ಅಣ್ಣ ನಗಲಿಲ್ಲ. “ಮುಂದ್ಲೊರ್ಸ ಈ ಬದುಗಳಿಗೆ ಔಸ್ದಿ ಬುಡಲ್ಲ. ಆದ್ರೆ ನೀನೇ ಬಂದು ಕೀಳ್ಬೇಕು, ಮೂರ್ ಸಲ.”

“ಬತ್ತೀನಿ,” ಎಂದುಬಿಟ್ಟೆ. ಕೋಪದಲ್ಲಿದ್ದವರು ಲೆಕ್ಕ ಹಾಕುವುದಿಲ್ಲ.

ಆ ಸೋಮವಾರ ಶಿವ ಬರೀ ಬಿಲ್ವಪತ್ರೆಯಲ್ಲಿ ಸುಧಾರಿಸಿಕೊಂಡ. ಈ ವರ್ಷ ಮಳೆ ಬಿದ್ದ ಮೇಲೆ ಎರಡು ಸಲ ಹೋಗಿ ಬಂದೆ. ಕೊಯ್ಯುವ ಕೈಗೆ ಮಾತ್ರ ಹೂವು ಹಗುರವೆಂದು ಸೊಂಟ ಹೇಳಿಕೊಟ್ಟಿದೆ. ಮೂರನೆಯ ಸಲಕ್ಕೆ ಮೊನ್ನೆ ರಜೆ ಅರ್ಜಿ ಕೊಟ್ಟೆ. ಕಾರಣದ ಜಾಗದಲ್ಲಿ ‘ಕಳೆ ಕೀಳಲು’ ಎಂದು ಬರೆದಿದ್ದೆ. ನಮ್ಮ ಸಾಹೇಬರು ಕನ್ನಡಕ ಇಳಿಸಿ, “ಇದೇನಮ್ಮಾ, ಮೈ ಸರಿ ಇಲ್ಲ ಅಂತ ಬರೀಬಾರ್ದಾ?” ಎಂದರು.

ಅವರ ಮೇಲೂ ಕೋಪ ಬಂತು.