ಐವತ್ತಾರರಲ್ಲಿ ಒಂದು ಕಾಳು

ಮೊದಲ ದಿನ ನಾನು ತರಗತಿಯ ಬಾಗಿಲಲ್ಲಿ ನಿಂತಾಗ ಹದಿನಾಲ್ಕು ಮಕ್ಕಳೂ ನನಗೆ ಬೆನ್ನು ಹಾಕಿ ಕೂತಿದ್ದರು. ಗೋಡೆಯ ಮೇಲೆ ದೊಡ್ಡ ಟಿವಿ. ಅದರೊಳಗೊಂದು ಮಂಗ ನಾಲ್ಕು ಕೆಂಪು ಹಣ್ಣು ಮುಂದಿಟ್ಟುಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ತಲೆ ಎತ್ತಿ, ಒಂದೊಂದನ್ನೇ ಗುಳುಂ ಎಂದು ನುಂಗುತ್ತಿತ್ತು. ನುಂಗಿದ ಮೇಲೆ ಎಲ್ಲಿಂದಲೋ ಚಪ್ಪಾಳೆ. ಮಕ್ಕಳೂ ಚಪ್ಪಾಳೆ ತಟ್ಟಿದರು. "ಹ್ವಾಯ್ ಮಕ್ಳೇ, ಇಲ್ ಕಾಣಿ" ಎಂದೆ. ಒಬ್ಬಳು ಮಾತ್ರ ಹಿಂತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಯಮ್ಮ ಯಾವ್ ಭಾಷೆ ಮಾತಾಡ್ತೈತೆ?" ಎಂದು ಪಕ್ಕದವನನ್ನು ಕೇಳಿ ಮತ್ತೆ ಮಂಗನ ಕಡೆ ತಿರುಗಿದಳು. ಅವಳ ಹೆಸರು ಗಾನವಿ. ನಾಲ್ಕು ವರ್ಷದ ಆ ಪುಟ್ಟಿಯಿಂದಲೇ ಮುಂದೆ ನನ್ನ ಜೀವ ಬಾಯಿಗೆ ಬರಲಿದೆ ಎಂದು ಅಂದು ನನಗೆ ಗೊತ್ತಿರಲಿಲ್ಲ.

ಕುಂದಾಪುರದ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಮನೆಯವರು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅವರಿಗೆ ಅಜ್ಜಂಪುರದ ಕಡೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿದೆ. ತರೀಕೆರೆ ರಸ್ತೆಯ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿತು, ಅಲ್ಲಿನ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಅತಿಥಿ ಶಿಕ್ಷಕಿಯ ಕೆಲಸವೂ ಸಿಕ್ಕಿತು. ಹಳ್ಳಿಯ ಹೆಸರು ಬರೆಯುವುದಿಲ್ಲ. ನಡೆದದ್ದರಲ್ಲಿ ತಪ್ಪು ನನ್ನದು, ಊರಿನದಲ್ಲ.

ನಾನು ಹುಟ್ಟಾ ಪುಕ್ಕಲಿ. ಊರಿನಲ್ಲಿದ್ದಾಗ ಕಡಲಿಗೆ ಹೆದರುತ್ತಿದ್ದೆ, ಇಲ್ಲಿಗೆ ಬಂದ ಮೇಲೆ ಕಡಲಿಲ್ಲದ್ದಕ್ಕೆ ಹೆದರಿದೆ. ಅಲ್ಲಿ ಮನೆಯಿಂದ ಮನೆಗೆ ಮರಗಳು ಅಡ್ಡ ಇದ್ದು ಕಣ್ಣಿಗೆ ಮಿತಿಯಿರುತ್ತಿತ್ತು. ಇಲ್ಲಿ ಬಾಗಿಲು ತೆಗೆದರೆ ಈರುಳ್ಳಿ ಹೊಲ, ಅದರಾಚೆ ರಾಗಿ ಹೊಲ, ಅದರಾಚೆ ಬರೀ ಆಕಾಶ. ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನನ್ನನ್ನು ನೋಡಬಹುದು ಅನ್ನಿಸುತ್ತಿತ್ತು. ಗಾಳಿ ಬೀಸಿದರೆ ಮಾಡಿನ ತಗಡು ಬಡಿದುಕೊಳ್ಳುತ್ತಿತ್ತು, ರೈಲು ಹೋದರೆ ಗೂಡಿನಲ್ಲಿದ್ದ ಲೋಟಗಳು ಗಲಗಲ ಎನ್ನುತ್ತಿದ್ದವು. ಒಂದು ವಾರ ನಾನು ಆ ಲೋಟಗಳನ್ನು ನೆಲದ ಮೇಲೇ ಇಟ್ಟಿದ್ದೆ.

ಅದನ್ನು ನೋಡಿ ನಕ್ಕವರು ಚಂದ್ರಮ್ಮ. ನಮ್ಮ ಮನೆಯ ಯಜಮಾನಿ ಅವರೇ, ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರೂ ಅವರೇ, ಗಾನವಿಯ ಅಜ್ಜಿಯೂ ಅವರೇ. ಗಾನವಿಯ ಅಪ್ಪ ಅಮ್ಮ ಬೆಳಿಗ್ಗೆ ಕಡೂರಿಗೆ ಕೆಲಸಕ್ಕೆ ಹೋದರೆ ಸಂಜೆ ಬಸ್ಸಿಗೆ ಬರುವವರು, ಮಗು ಬೆಳೆದದ್ದೆಲ್ಲ ಅಜ್ಜಿಯ ಕೈಯಲ್ಲಿ. ನನಗೆ ಮುದ್ದೆ ಉಣ್ಣುವುದು ಕಲಿಸಿದ್ದೂ ಚಂದ್ರಮ್ಮನೇ. ಮೊದಲ ಸಲ ಮುದ್ದೆ ಮುರಿದು ಬಾಯಿಗಿಟ್ಟು ನಾನು ಕುಚ್ಚಲಕ್ಕಿ ಅನ್ನ ಉಂಡಂತೆ ಅಗಿಯತೊಡಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಯ್ಯೋ, ಮುದ್ದೇನ ಯಾರಾದ್ರೂ ಅಗೀತಾರಾ? ಸಾರಲ್ಲಿ ಅದ್ದಿ, ಗದ್ದ ಎತ್ತಿ, ಹಂಗೇ ನುಂಗ್ಬೇಕು ಕಣವ್ವ. ಏ ಗಾನವಿ, ನಿಮ್ ಮಿಸ್‌ಗೆ ತೋರ್ಸೇ."

ಗಾನವಿ ಬಸ್ಸಾರಿನಲ್ಲಿ, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡಿದ ಸಾರಿನಲ್ಲಿ, ಒಂದು ತುಣುಕು ಅದ್ದಿ ಗದ್ದ ಎತ್ತಿದಳು. ಗಂಟಲಲ್ಲಿ ಅದು ಇಳಿದದ್ದು ಕಂಡಿತು. ನಾನು ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಕಣ್ಣಲ್ಲಿ ನೀರು ಬಂತು. ಊರಿನಲ್ಲಿ ನಮಗೆ ಹುಟ್ಟಿದಾಗಿನಿಂದ ಕಲಿಸಿದ್ದು ಒಂದೇ: ಅಗಿ, ಚೆನ್ನಾಗಿ ಅಗಿ, ಮುಳ್ಳಿರುತ್ತದೆ. ಇಲ್ಲಿ ಅಗಿದದ್ದಕ್ಕೆ ನಾಲ್ಕು ವರ್ಷದವಳು ಬಿದ್ದು ಬಿದ್ದು ನಕ್ಕಳು. ಅದೇ ದಿನದಿಂದ ಅವಳು ನನ್ನನ್ನು ಟಿವಿಗಿಂತ ಸ್ವಲ್ಪ ಹೆಚ್ಚು ನೋಡತೊಡಗಿದಳು.

ಟಿವಿ ಯಾರೋ ದಾನಿಗಳು ಕೊಟ್ಟದ್ದು. ಪೆನ್‌ಡ್ರೈವ್‌ನಲ್ಲಿ ಪಾಠಗಳು, ಹಾಡುಗಳು, ಆಟಗಳು. ಕೆಟ್ಟದ್ದೇನಲ್ಲ. ಆನೆ ನೋಡದ ಮಕ್ಕಳು ಆನೆ ನೋಡಿದರು, ನನ್ನ ಕಡಲನ್ನೂ ಅದರಲ್ಲೇ ತೋರಿಸಿದೆ. ಆದರೆ ಎಣಿಕೆ ಮಾತ್ರ ವಿಚಿತ್ರವಾಗಿತ್ತು. ಮಕ್ಕಳು ಮಂಗನ ಜೊತೆ ಇಪ್ಪತ್ತರವರೆಗೆ ಗಟ್ಟಿಯಾಗಿ ಒದರುತ್ತಿದ್ದರು, ಮೂರು ಕಲ್ಲು ಕೊಡಿ ಎಂದರೆ ಕೈಗೆ ಸಿಕ್ಕಷ್ಟು ಕೊಡುತ್ತಿದ್ದರು. ಟಿವಿಯ ಗಾಜಿಗೆ ಬೆರಳು ಒತ್ತಿ ಹಣ್ಣು ಕೀಳಲು ನೋಡುತ್ತಿದ್ದರು. ಕೈಗೆ ಏನಾದರೂ ಕೊಡಬೇಕು ಅನ್ನಿಸಿತು. ಅದಲ್ಲದೆ ವಾರಕ್ಕೊಂದು ಚಟುವಟಿಕೆ ಮಾಡಿಸಿ, ಅರ್ಧ ನಿಮಿಷದ ವಿಡಿಯೋ ತೆಗೆದು ಪೋಷಕರ ಗ್ರೂಪಿಗೆ ಹಾಕುವ ರೂಢಿಯೂ ಇತ್ತು. ಆ ವಾರಕ್ಕೆ ನಾನಿನ್ನೂ ಏನೂ ಹಾಕಿರಲಿಲ್ಲ.

ಆಗ ನೆನಪಾದದ್ದು ಅಜ್ಜಿಯ ಚೆನ್ನೆಮಣೆ, ಇಲ್ಲಿಯವರ ಅಳಗುಳಿಮಣೆ. ನಿಮಗೆ ಹೇಳಬೇಕಿಲ್ಲ, ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕು ಕಾಳು, ಒಟ್ಟು ಐವತ್ತಾರು. ನಾನು ಊರಿನಿಂದ ತಂದ ಮೊದಲ ಸಾಮಾನೇ ಅದು. ನನ್ನ ತರಗತಿಯಲ್ಲೂ ಹದಿನಾಲ್ಕು ಮಕ್ಕಳು. ಗುಳಿಗೆ ನಾಲ್ಕರ ಹಾಗೆ ಮಗುವಿಗೆ ನಾಲ್ಕು. ದೇವರೇ ಲೆಕ್ಕ ಹಾಕಿ ಕಳಿಸಿದಂತಿತ್ತು ಎಂದು ಹಿಗ್ಗಿದೆ. ಕಾಳುಗಳಲ್ಲಿ ಐವತ್ತೊಂದು ಮಂಜೊಟ್ಟಿ, ನಮ್ಮ ಕಡೆ ಚೆನ್ನೆಯಾಟಕ್ಕೆ ಬಳಸುವ ನುಣುಪಾದ ಕೆಂಪು ಬೀಜ. ಕಾಲಕಾಲಕ್ಕೆ ಕಳೆದುಹೋದವುಗಳ ಜಾಗಕ್ಕೆ ಅಜ್ಜಿ ಸೇರಿಸಿದ್ದ ಐದು ಗುಲಗಂಜಿ, ಕೆಂಪು ಮೈ, ಕಪ್ಪು ಮೂತಿ. ಗುಲಗಂಜಿ ಅಗಿದರೆ ವಿಷ ಎನ್ನುವುದು ನಮ್ಮ ಮನೆಯಲ್ಲಿ ಬೆಂಕಿ ಸುಡುತ್ತದೆ ಎನ್ನುವಷ್ಟೇ ಗೊತ್ತಿದ್ದ ಮಾತು. ಅಷ್ಟು ಗೊತ್ತಿದ್ದ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಮತ್ತೆ ಹೇಳುವುದಿಲ್ಲ. ಐದು ಕಾಳು ತೆಗೆದಿಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಂಜೊಟ್ಟಿಯೂ ಆ ವಯಸ್ಸಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದಿತ್ತು, ಅದೂ ಹೊಳೆಯಲಿಲ್ಲ.

ಹನ್ನೊಂದು ಗಂಟೆಗೆ ಕಾಳು ಹಂಚಿದೆ. ಮಕ್ಕಳು ಟಿವಿ ಮರೆತರು. ಅದೇ ನನ್ನ ಮೊದಲ ಗೆಲುವು. ಫೋನ್ ಹಿಡಿದು ಸಾಲಿನುದ್ದಕ್ಕೂ ನಡೆದು ವಿಡಿಯೋ ತೆಗೆದೆ, ಅಲ್ಲೇ ನಿಂತು ಗ್ರೂಪಿಗೆ ಹಾಕಿದೆ. ಟಣ್ ಟಣ್ ಎಂದು ಏಳು ಹೆಬ್ಬೆರಳು ಬಂದವು. ಒಬ್ಬರು ಸೂಪರ್ ಮಿಸ್ ಎಂದು ಬರೆದರು. ಆಮೇಲೆ ಕಾಳುಗಳನ್ನು ವಾಪಸು ಗುಳಿಗೆ ತುಂಬಿಸಿದೆ. ಹದಿಮೂರು ಗುಳಿಗೆ ನಾಲ್ಕು ಬಂತು, ಕೊನೆಯದಕ್ಕೆ ಮೂರು. ಮತ್ತೆ ಎಣಿಸಿದೆ. ಚಾಪೆ ಎತ್ತಿದೆ, ಜೇಬು ನೋಡಿದೆ, ಗುಡಿಸಿದೆ. ಮಂಜೊಟ್ಟಿ ಐವತ್ತೊಂದೂ ಇದ್ದವು. ಗುಲಗಂಜಿ ನಾಲ್ಕೇ.

"ಕಾಳು ಯಾರು ಬಾಯಿಗೆ ಹಾಕ್ಕೊಂಡ್ರಿ?" ಎಂದೆ.

ಹದಿನಾಲ್ಕು ಕೈ ಮೇಲಕ್ಕೆದ್ದವು.

"ನಾನ್ ಮಿಸ್! ನಾನ್ ಗುಳುಂ ಮಾಡ್ದೆ!" "ನಾನು ನಾಲ್ಕೂ ತಿಂದೆ ಮಿಸ್!" "ನಾನು ನೂರು ತಿಂದೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಎಣಿಸಿದ ಮೇಲೆ ನುಂಗಬೇಕು, ನುಂಗಿದವನಿಗೆ ಚಪ್ಪಾಳೆ. ಮಂಗ ಕಲಿಸಿದ್ದು ಅವರಿಗೆ ಚೆನ್ನಾಗಿಯೇ ಬಂದಿತ್ತು.

ವಿಡಿಯೋ ತೆರೆದೆ. ಮೂಲೆಯಲ್ಲಿ ಗಾನವಿ ಕಂಡಳು. ನಾಲ್ಕನ್ನೂ ಬೆರಳಿಟ್ಟು ಸರಿಯಾಗಿ ಎಣಿಸಿದಳು. ಕೊನೆಯದನ್ನು ಎತ್ತಿ ಬಾಯಿಗಿಟ್ಟಳು. ಆ ಹೊತ್ತಿಗೇ ಹಿಂದಿನಿಂದ ಒಂದು ದನಿ, "ಸೂಪರ್ ಗಾನವಿ!" ದನಿ ನನ್ನದು. ಮೂರು ಅಡಿ ದೂರದಲ್ಲಿ ನಿಂತಿದ್ದೆ, ಕಣ್ಣು ಫೋನಿನ ಪರದೆಯ ಮೇಲಿತ್ತು, ಚಿತ್ರ ನಡುವಿಗೆ ಬಂದಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಇನ್ನು ಬರೆಯುವುದು ಊರಿನಲ್ಲಿ ನನ್ನ ಅಮ್ಮನಿಗೂ ಹೇಳದ ಮಾತು. ಆಮೇಲೆ ನಾನು ಮೊದಲು ಮಾಡಿದ ಕೆಲಸ ಮಗುವಿನ ಕಡೆ ಓಡುವುದಾಗಿರಲಿಲ್ಲ. ಗ್ರೂಪಿನಲ್ಲಿದ್ದ ಆ ವಿಡಿಯೋ ಒತ್ತಿ ಹಿಡಿದು, ಎಲ್ಲರ ಫೋನಿನಿಂದಲೂ ಹೋಗುವ ಹಾಗೆ ಅಳಿಸಿದೆ. ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ, ಪರ ಊರಿನವಳು ಮಗುವಿಗೆ ವಿಷ ಉಣಿಸಿದಳು ಎನ್ನುತ್ತಾರೆ ಎಂದು ತಲೆಯಲ್ಲಿ ಓಡುತ್ತಿತ್ತು. ಅಳಿಸಿದ ಮೇಲೆಯೇ ಅಡುಗೆಮನೆಗೆ ಓಡಿದೆ.

"ಚಂದ್ರಮ್ಮಾರೇ, ಗಾನವಿ ಗುಲಗಂಜಿ ನುಂಗಿರ್ಬೇಕು."

ಚಂದ್ರಮ್ಮನ ಕೈಯಲ್ಲಿದ್ದ ಸೌಟು ಸಾರಿನೊಳಗೇ ಬಿತ್ತು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ರಸ್ತೆಗೆ ಓಡಿದರು. ಉಳಿದ ಮಕ್ಕಳನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ ನಾನೂ ಆಟೋ ಹತ್ತಿದೆ. ದಾರಿಯುದ್ದಕ್ಕೂ ಗಾನವಿ ನನ್ನ ಬಳೆ ಎಣಿಸುತ್ತಿದ್ದಳು. ನಡುವೆ ಚಂದ್ರಮ್ಮ ಒಮ್ಮೆ ಕೇಳಿದರು, "ಇಷ್ಟ್ ಮಕ್ಳಲ್ಲಿ ಇವಳೇ ನುಂಗಿದ್ದು ಅಂತ ನಿಂಗೆಂಗೆ ಗೊತ್ತಾಯ್ತು?" ನಾನು ಹೊರಗೆ ನೋಡುತ್ತ ಕೂತೆ.

ತರೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮಗುವಿನ ಬಾಯಿ, ಹೊಟ್ಟೆ, ಕಣ್ಣು ನೋಡಿ ಕೇಳಿದರು: "ಅಗಿದ್ಲಾ, ಹಂಗೇ ನುಂಗಿದ್ಲಾ? ಅದು ಮುಖ್ಯ. ಮೇಲಿನ ಸಿಪ್ಪೆ ಗಟ್ಟಿ. ಒಡೀದೆ ಹೊರಗೆ ಹೋದ್ರೆ ಅಪಾಯ ಕಡಿಮೆ. ಅಗಿದಿದ್ರೆ ಈಗಲೇ ಶಿವಮೊಗ್ಗಕ್ಕೆ ಕಳಿಸ್ಬೇಕು. ಯಾರು ನೋಡಿದೀರಾ?"

"ನಾನು ಒಲೆ ಮುಂದೆ ಇದ್ದೆ ಕಣವ್ವ" ಎಂದರು ಚಂದ್ರಮ್ಮ. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನೋಡಲಿಲ್ಲ ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾಲಿಗೆಯ ತುದಿಯವರೆಗೂ ಬಂದಿತ್ತು. ಗಾನವಿ ಮೇಜಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು, ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಆ ಬರಿಗಾಲು ನೋಡಿ ನನಗೆ ತಡೆಯಲಾಗಲಿಲ್ಲ. ಫೋನ್ ತೆಗೆದೆ. ಗ್ರೂಪಿನಿಂದ ಹೋಗಿದ್ದರೂ ವಿಡಿಯೋ ನನ್ನ ಫೋನಿನಲ್ಲಿ ಹಾಗೆಯೇ ಇತ್ತು.

ಡಾಕ್ಟರು ಎರಡು ಸಲ ನೋಡಿದರು. ಚಿತ್ರ ಸಣ್ಣದು, ಅಲುಗಾಡುವಂಥದ್ದು. "ಕೊಡಿಲ್ಲಿ" ಎಂದು ಚಂದ್ರಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. 'ಸೂಪರ್ ಗಾನವಿ' ಎನ್ನುವ ನನ್ನ ದನಿ ಆ ಕೋಣೆಯಲ್ಲಿ ಮತ್ತೆ ಮತ್ತೆ ಕೇಳಿಸಿತು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ದವಡೆ ನೋಡಿ ಡಾಕ್ಟ್ರೇ, ಅಲ್ಲಾಡಿಲ್ಲ" ಎಂದರು ಚಂದ್ರಮ್ಮ. "ಗದ್ದ ಎತ್ತಿ ಇಳ್ಸವ್ಳೆ. ನಾನೇ ಕಲ್ಸಿದ್ದು ಇದು. ಮುದ್ದೆ ನುಂಗ್ದಂಗೆ ನುಂಗವ್ಳೆ."

ಡಾಕ್ಟರು ಮತ್ತೊಮ್ಮೆ ನೋಡಿ ತಲೆಯಾಡಿಸಿದರು. ಆದರೂ ಒಂದು ದಿನ ಅಲ್ಲೇ ಇರಲಿ, ಆಮೇಲೂ ಕಾಳು ಹೊರಬರುವ ತನಕ ಕಾಯಬೇಕು, ವಾಂತಿ ಭೇದಿ ಕಂಡರೆ ಓಡಿ ಬರಬೇಕು ಎಂದರು. ಸಂಜೆ ಬಸ್ಸಿಗೆ ಗಾನವಿಯ ಅಪ್ಪ ಅಮ್ಮ ನೇರ ಆಸ್ಪತ್ರೆಗೇ ಬಂದರು. ಅವಳ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಗ್ರೂಪಲ್ಲಿದ್ದ ವಿಡಿಯೋ ಯಾಕೆ ಅಳಿಸಿದ್ರಿ ಮಿಸ್?"

"ಹೆದರಿಕೆ ಆಯ್ತು" ಎಂದೆ.

"ನಮಗಾಗ್ಲಿಲ್ವಾ?" ಎಂದರು ಚಂದ್ರಮ್ಮ. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಗು ಮನೆಗೆ ಬಂತು. ಆಮೇಲಿನ ಎರಡು ದಿನ ಹೇಗೆ ಕಳೆದವೋ ಹೇಳಲಾರೆ. ಒಂದೇ ಅಂಗಳ, ಒಂದೇ ಬಟ್ಟೆ ಒಗೆಯುವ ಕಲ್ಲು, ಮಾತಿಲ್ಲ. ಮಗು ಕೆಮ್ಮಿದರೆ ನಾನು ಬಾಗಿಲಿಗೆ ಬರುತ್ತಿದ್ದೆ, ಚಂದ್ರಮ್ಮ ಬಾಗಿಲು ಮುಚ್ಚುತ್ತಿದ್ದರು. ಅವರು ಗಾನವಿಯ ಹಿಂದೆ ಹಳೆಯ ಬೋಗುಣಿ ಹಿಡಿದು ತಿರುಗುವುದು ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಮನೆಯವರು ಊರಿಗೆ ಹೋಗಿ ಬಾ ಎಂದರು. ಅಮ್ಮ ಫೋನಿನಲ್ಲಿ "ಬಂದ್ಬಿಡ್ ಮಗಾ, ಇಲ್ಲ್ ಉಂಬುಕೆ ಕಮ್ಮಿ ಇತ್ತಾ?" ಎಂದಳು. ಬಟ್ಟೆ ಚೀಲಕ್ಕೆ ತುಂಬಿದೆ, ಮತ್ತೆ ತೆಗೆದೆ. ಆ ಮಗು ಏನಾಯಿತೆಂದು ತಿಳಿಯದೆ ಕಡಲ ಬದಿಗೆ ಹೋಗಿ ಕೂತರೆ ನನಗೆ ಉಸಿರಾಡಲು ಆಗುತ್ತದೆಯೇ? ಉಳಿದ ನಾಲ್ಕು ಗುಲಗಂಜಿಯನ್ನು ಆಳವಾಗಿ ಹೂತು, ನಡೆದದ್ದನ್ನೆಲ್ಲ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟೆ.

ಮೂರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಚಂದ್ರಮ್ಮ ನಿಂತಿದ್ದರು, ಕೈಯಲ್ಲಿ ಮಡಿಸಿದ ಮುತ್ತುಗದ ಎಲೆ. ಬಿಡಿಸಿದರು. ತೊಳೆದ ಗುಲಗಂಜಿ, ಕೆಂಪು ಕೆಂಪಾಗಿ ಹೊಳೆಯುತ್ತಿತ್ತು.

"ನೋಡ್ಕೊ. ಒಡ್ದಿಲ್ಲ. ಬಿರುಕೂ ಬಿಟ್ಟಿಲ್ಲ."

ನಾನು ಹೊಸ್ತಿಲ ಮೇಲೇ ಕುಸಿದು ಕೂತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಅಳು ಮುಗಿಯುವ ತನಕ ನಿಂತಿದ್ದು, "ಇನ್ಮೇಲೆ ಏನಾದ್ರೂ ಆದ್ರೆ ಮೊದ್ಲು ಮಗೀನ ಎತ್ಕೋ, ಆಮೇಲೆ ಫೋನು" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಮುದ್ದೆ ಇಳ್ಸಿದೀನಿ, ಬಾ" ಎಂದರು.

ಈಗ ನನ್ನ ತರಗತಿಯಲ್ಲಿ ಎಣಿಸುವುದು ತೆಂಗಿನ ಚಿಪ್ಪಿನಲ್ಲಿ. ಮನೆಮನೆಯಿಂದ ಬಂದವು, ಐವತ್ತಾರು, ಯಾವ ಬಾಯಿಗೂ ಹಿಡಿಯದವು. ಮಂಗನೂ ಇದೆ. ಆದರೆ ಅದು ನುಂಗುವ ಮೊದಲೇ ನಾನು ಟಿವಿ ನಿಲ್ಲಿಸಿ, ಹಣ್ಣನ್ನು ಪಕ್ಕದವರಿಗೆ ಕೊಡೋಣ ಎನ್ನುತ್ತೇನೆ. ವಿಡಿಯೋ ತೆಗೆಯುವುದು ಬೇರೆ ಯಾರಾದರೂ ದೊಡ್ಡವರು ಕೋಣೆಯಲ್ಲಿದ್ದರೆ ಮಾತ್ರ. ಹೆದರಿಕೆ ಹೋಗಿಲ್ಲ. ಯಾವ ಮಗು ಗದ್ದ ಎತ್ತಿದರೂ ಬಾಯಿ ತೆಗೆಸಿ ನೋಡುತ್ತೇನೆ. ಚೆನ್ನೆಮಣೆ ಮನೆಯಲ್ಲೇ ಇರುತ್ತದೆ, ಖಾಲಿಯಾದ ಐದು ಜಾಗಕ್ಕೆ ಚಂದ್ರಮ್ಮ ಐದು ಹುಣಸೆಬೀಜ ಕೊಟ್ಟಿದ್ದಾರೆ.

ದಸರಾ ರಜೆಗೆ ಊರಿಗೆ ಹೋಗಿದ್ದೆ. ಅಮ್ಮ ಬಂಗುಡೆ ಸಾರು ಮಾಡಿದ್ದಳು. ಎಷ್ಟು ತಿಂಗಳಾಗಿತ್ತು! ಗಬಗಬನೆ ತುತ್ತು ಸಾರಿನಲ್ಲಿ ಅದ್ದಿ, ಗದ್ದ ಎತ್ತಿ, ನುಂಗಿದೆ. ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು. ಅಮ್ಮ ಬರಿ ಅನ್ನದ ಉಂಡೆ ಬಾಯಿಗೆ ತುರುಕಿ, ಬೆನ್ನು ಗುದ್ದಿದ ಮೇಲೆ ಅಂತೂ ಅದು ಇಳಿಯಿತು.

"ಎಂತ ಮಗಾ, ಮೀನ್ ಉಂಬುದೂ ಮರ್ತ್ ಹೋಯ್ತಾ ನಿಂಗೆ?"

"ಏನಿಲ್ಲ ಕಣವ್ವ," ಎಂದೆ ಕಣ್ಣೀರು ಒರೆಸಿಕೊಳ್ಳುತ್ತ, "ಅಗಿಯೋದು ಮರೆತ್ಬಿಟ್ಟೆ."

ಅಮ್ಮ ಕೈಯಲ್ಲಿದ್ದ ಅನ್ನದ ಉಂಡೆ ಹಿಡಿದುಕೊಂಡೇ, ಯಾರ ಮನೆಯ ಮಗಳು ಇವಳು ಎನ್ನುವಂತೆ ನನ್ನನ್ನು ನೋಡಿದಳು.