ಕಷಾಯ ಕಳಸದ ಸವಾಲು

ಐನಾಪುರ ದಾಟಿ ಹೊಳೆಯ ಕಡೆ ಹೋದರೆ ತವನಪ್ಪನ ಊರು ಸಿಗುತ್ತದೆ. ಬೆಲ್ಲ ಕುದಿಸುವುದರಲ್ಲಿ ಅವನ ಕೈ ಒಳ್ಳೆಯದು. ಸುತ್ತಲಿನ ಗಾಣದವರೆಲ್ಲ ಅವನನ್ನೇ ಕರೆಯುತ್ತಿದ್ದರು. ಮಗ ನೇಮಿನಾಥ ಸತ್ತ ಮೇಲೆ ಕರೆಯುವುದು ನಿಂತಿತು.

ನೇಮಿನಾಥ ನಿಪ್ಪಾಣಿಯ ತಂಬಾಕಿನ ಲಾರಿಗಳ ಜೊತೆ ಮುಂಬೈಗೆ ಹೋಗಿ ಬರುತ್ತಿದ್ದ. ತೊಂಬತ್ತಾರರಲ್ಲಿ ಏಡ್ಸ್ ಆಗಿ ಹೋದ. ಸುಡುಗಾಡಿನ ತನಕ ಹೆಗಲು ಕೊಟ್ಟವರು ಅವನ ಸೋದರಮಾವಂದಿರು ಮಾತ್ರ. ಆ ಮನೆಯವನು ಮುಟ್ಟಿದ ಬೆಲ್ಲ ಯಾರು ತಿನ್ನಬೇಕು ಅಂತ ಊರು ಒಳಗೊಳಗೇ ಮಾತಾಡಿಕೊಂಡಿತು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಕರೆಯಲಿಲ್ಲ, ಅಷ್ಟೇ.

ತವನಪ್ಪನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ಅವನು ಮತ್ತು ಸೊಸೆ ಕುಸುಮ. ಕುಸುಮಳಿಗೂ ಆ ರೋಗ ಇತ್ತು. ಅದು ಅವರಿಬ್ಬರನ್ನು ಮತ್ತು ಮಿರಜಿನ ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮಿರಜಿಗೆ ಹೋಗುವಾಗ ಬೆಳಕು ಹರಿಯುವ ಮೊದಲಿನ ಬಸ್ಸು ಹಿಡಿಯುತ್ತಿದ್ದರು. ಉಳಿದಂತೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ.

"ಇದಕ್ಕ ಔಷಧ ಯಾವಾಗ ಬರತೈತ್ರಿ?" ಅಂತ ತವನಪ್ಪ ಒಂದು ಸಲ ಡಾಕ್ಟರನ್ನು ಕೇಳಿದ.

"ಬ್ಯಾನಿ ಹಿಡದು ಇಡೂ ಗುಳಿಗಿ ಪರದೇಶದಾಗ ಬಂದಾವ. ನಮಗ ನಿಮಗ ಸಿಗೂ ಹಂಗಿಲ್ಲ" ಅಂದ ಡಾಕ್ಟರ್. "ಬೇರುಸಹಿತ ಕೀಳೂ ಔಷಧ ಯಾರ ಕಡೇನೂ ಇಲ್ಲ. ಒಬ್ಬ ಡಾಕ್ಟರ್‌ನಿಂದ, ಒಂದ ದವಾಖಾನಿಯಿಂದ ಆಗೂ ಕೆಲಸ ಅಲ್ಲ ಅದು. ನಾಕ ಊರಾವ್ರು, ನಾಕ ದೇಶದಾವ್ರು ತಮಗ ಗೊತ್ತಿದ್ದದ್ದು ಒಂದ ಕಡೆ ತಂದು ಹುಡುಕಬೇಕು. ನಾವೂ ಕೆಲವು ಮಂದಿ ಕೂಡೇವಿ. ರೊಕ್ಕ ಕೊಡಾವ್ರು ಇಲ್ಲ."

"ನಮ್ಮ ಗಾಣದಾಗೂ ಹಂಗರೀ" ಅಂದ ತವನಪ್ಪ. "ಕಬ್ಬ ಕಡಿಯಾವ ಒಬ್ಬ, ಹಿಂಡಾವ ಒಬ್ಬ, ಕುದಸಾವ ಒಬ್ಬ. ಎಲ್ಲಾರೂ ಇದ್ದು ಒಲಿಗೆ ಉರಿ ಹಾಕಾವ ಇಲ್ಲಂದ್ರ ಬೆಲ್ಲ ಆಗೂದಿಲ್ಲ."

"ಅದ ನೋಡು" ಅಂದ ಡಾಕ್ಟರ್.

ತವನಪ್ಪ ಊರಿಗೆ ಬಂದು ನೇರ ಬಸದಿಗೆ ಹೋದ. ಕಮಿಟಿಯ ಹಿರಿಯ ತಾತ್ಯಾಸಾಹೇಬ ಪಾಟೀಲ ಕಟ್ಟೆಯ ಮೇಲೆ ಕೂತಿದ್ದ.

"ಸಾವಕಾರ, ಈ ಸಲ ದಶಲಕ್ಷಣ ಪರ್ವದಾಗ ಕಷಾಯ ಕಳಸದ ಸವಾಲಿನ ರೊಕ್ಕ ಆ ಡಾಕ್ಟರ್ ಮಂದಿಗೆ ಕೊಡೋಣ್ರಿ."

"ಬಸ್ತಿ ರೊಕ್ಕ ಅಂಥಾ ಬ್ಯಾನಿಗೇನೋ?"

"ಔಷಧ ದಾನ ಅಂತ ಶಾಸ್ತ್ರದಾಗ ಐತಿ ಅಂತ ವರ್ಷಾ ನೀವ ಓದಿ ಹೇಳ್ತೀರಲ್ರಿ."

ತಾತ್ಯಾಸಾಹೇಬ ಅಡಿಕೆ ಅಗಿಯುವುದು ನಿಲ್ಲಿಸಿದ. ಇಲ್ಲ ಅನ್ನುವುದಕ್ಕೆ ದಾರಿ ಇರಲಿಲ್ಲ. "ಆತು. ಒಂದ ಕಳಸ."

ಆ ಬಸದಿಯಲ್ಲಿ ಅಭಿಷೇಕದ ಹಾಲು, ಗಿಡಮೂಲಿಕೆಯ ಕಷಾಯ ಹೀಗೆ ಪ್ರತಿ ಕಳಸಕ್ಕೂ ಹರಾಜಿನಂತೆ ಸವಾಲು ಹಿಡಿಯುತ್ತಾರೆ. ಹೆಚ್ಚು ಕೂಗಿದ ಮನೆಯವರಿಗೆ ಆ ಕಳಸ ಸುರಿಯುವ ಮಾನ. ಅದರಲ್ಲೂ ಪಾಟೀಲರ ಮನೆಗೂ ಅಣ್ಣಾಸಾಬ ಮಗದುಮನ ಮನೆಗೂ ಹಿಂದಿನಿಂದ ಜಿದ್ದು. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ಸುಮ್ಮನಿರುವವರಲ್ಲ. ತವನಪ್ಪ ನಂಬಿದ್ದು ಅದನ್ನೇ. ತಾನು ಸಣ್ಣದೊಂದು ಸವಾಲು ಹಾಕಿ ಶುರು ಮಾಡಿದರೆ ಸಾಕು, ಉಳಿದದ್ದನ್ನು ಆ ಜಿದ್ದು ನೋಡಿಕೊಳ್ಳುತ್ತದೆ ಅಂದುಕೊಂಡ. ಆದರೂ ಕೈಯಲ್ಲಿ ಇರಲಿ ಅಂತ ಎಮ್ಮೆ ಮಾರಿದ.

ಪರ್ವದ ಕೊನೆಯ ದಿನ ಬಸದಿ ತುಂಬಿತ್ತು. ಹಾಲಿನ ಕಳಸಕ್ಕೆ ಪಾಟೀಲ, ಮಗದುಮ ಇಬ್ಬರೂ ಎದ್ದು ನಿಂತು ಕೂಗಾಡಿದರು. ಮಗದುಮ ಗೆದ್ದ. ಆಮೇಲೆ ಬಸದಿಯ ಪೂಜಾರಿ ಧನಪಾಲ ಉಪಾಧ್ಯೆ ಮೈಕಿನಲ್ಲಿ ಕೂಗಿದ: "ಕಷಾಯ ಕಳಸ! ಔಷಧ ದಾನದ್ದು! ಹೇಳ್ರಿ ಯಾರ ಹೇಳ್ತೀರಿ!"

ಆ ರೊಕ್ಕ ಯಾವ ರೋಗಕ್ಕೆ ಅಂತ ಊರಿಗೆಲ್ಲ ಆಗಲೇ ಗೊತ್ತಾಗಿತ್ತು. ಯಾರೂ ಕೂಗಲಿಲ್ಲ. ಮಗದುಮ ತಲೆಯ ಮೇಲಿನ ಬಿಚ್ಚದ ಪಟಕಾವನ್ನು ಮತ್ತೆ ಸರಿಮಾಡಿಕೊಂಡ.

"ನೂರಾ ಒಂದು" ಅಂದ ತವನಪ್ಪ.

ಕಾದ. ಉಪಾಧ್ಯೆಯೂ ಕಾದ. "ನೂರಾ ಒಂದು, ಒಂದ ಸಲ…"

"ಇನ್ನೂರಾ ಒಂದು."

"ತವನಪ್ಪಾ, ಹಿಂದಿಂದೂ ನಿಂದ ಸವಾಲೋ ಮಾರಾಯಾ. ನಿನ್ನ ಮ್ಯಾಲ ನೀನ ಏರಸಾಕತ್ತಿ."

"ಗೊತ್ತೈತ್ರಿ. ಕೂಗ್ರಿ."

ಹಿಂದಿನಿಂದ ಯಾರೋ, "ಒಬ್ಬನ ಕುಸ್ತಿ ಹಿಡದಾನಲೇ" ಅಂದ. ನಗೆ ಎದ್ದಿತು. ತವನಪ್ಪ ಏರಿಸಿದ. ಉಪಾಧ್ಯೆ ಕೂಗಿದ. ಮತ್ತೆ ಏರಿಸಿದ. ಸಾವಿರ ದಾಟುವ ಹೊತ್ತಿಗೆ ನಗುವವರು ಇರಲಿಲ್ಲ.

"ಸಾಕ ಮಾಡೋ" ಅಂದ ತಾತ್ಯಾಸಾಹೇಬ ಮೆಲ್ಲಗೆ. "ಯಾಕ ಈ ಹಟಾ?"

"ನೀವ ಒಂದ ಕೂಗ್ರಿ ಸಾವಕಾರ. ನಾ ಬಿಟ್ಟಬಿಡ್ತೀನಿ."

ತಾತ್ಯಾಸಾಹೇಬನ ತುಟಿ ಅಲುಗಿತು. ಅವನು ಹೆಂಗಸರ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಕಾಶಿಬಾಯಿ ತಲೆ ಅಲ್ಲಾಡಿಸಿದಳು, ಬೇಡ ಅಂತ. ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಈ ಕಳಸಕ್ಕೆ ಸವಾಲು ಹಾಕಿದರೆ ಆ ರೋಗ ಇವರ ಮನೆಯಲ್ಲೂ ಇರಬೇಕು ಅಂತ ನಾಳೆ ಜನ ಅಂದುಕೊಳ್ಳುತ್ತಾರೆ. ಎಲ್ಲರ ಬಾಯಿ ಕಟ್ಟಿದ್ದು ಅದೇ. ತವನಪ್ಪನಿಗೆ ಆಗ ತಿಳಿಯಿತು. ಜಿದ್ದಿಗಿಂತ ಅಂಜಿಕೆ ದೊಡ್ಡದು ಅನ್ನುವುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಮ್ಮೆಯ ರೊಕ್ಕ ಮುಗಿದಲ್ಲಿಗೆ ಅವನು ನಿಂತ.

ಕಳಸ ಸುರಿಯುವವನ ಮೊಣಕೈಗೆ ಮನೆಮಂದಿಯೆಲ್ಲ ಕೈ ಹಚ್ಚಬೇಕು. "ಮನ್ಯಾಗಿನವ್ರು ಯಾರರ ಬರ್ರಿ" ಅಂತ ಉಪಾಧ್ಯೆ ರೂಢಿಯಂತೆ ಕರೆದ. ಕರೆದ ಮೇಲೆ ತಾನೇ ತಲೆ ತಗ್ಗಿಸಿದ. ತವನಪ್ಪ ಒಬ್ಬನೇ ಎತ್ತಿ ಸುರಿದ. ಕಳಸ ವಾಲಿ ಕಷಾಯ ಅವನ ಬಿಳಿ ಧೋತರದ ಮೇಲೂ ಬಿತ್ತು.

ಮನೆಗೆ ಬಂದಾಗ ಕುಸುಮ ಒಲೆಯ ಮುಂದೆ ಇದ್ದಳು.

"ಪಾಟೀಲಗ ಮಗದುಮಗ ಭಾರೀ ಜಿದ್ದಾಜಿದ್ದಿ ಆತ ನೋಡ ಯವ್ವಾ" ಅಂದ ಅವನು, ಅಂಗಿ ಬಿಚ್ಚುತ್ತ.

"ಮಾವಾರ, ಮೈಕ್ ನಮ್ಮ ಹಿತ್ತಲಿಗೆ ಕೇಳಸ್ತೈತ್ರಿ."

ಅವನು ಅಲ್ಲೇ ಕೂತ.

"ಉಪಾಧ್ಯಾರ ಕೂಗಿದಾಗೊಮ್ಮೆ ನಿಮ್ಮ ಹೆಸರ ಕೇಳ್ತು. ಮತ್ತ್ಯಾರದರ ಬರತೈತೇನೋ ಅಂತ ನಿಂತಿದ್ನಿ."

"ಭಾಳ ಕೂಡತೈತಿ ಅಂತ ತಿಳಕೊಂಡಿದ್ನಿ ಯವ್ವಾ" ಅಂದ.

ಕುಸುಮ ತಟ್ಟೆ ತಂದಿಟ್ಟಳು. "ನಾಳೆ ರೊಕ್ಕ ಕೊಡಾಕ ಹೋಗ್ತೀರಲ್ರಿ? ನಾನೂ ಬರ್ತೀನಿ. ಹಗಲ ಬಸ್ಸಿಗೆ ಹೋಗೂಣ್ರಿ."

"ಮಂದಿ ನೋಡ್ತಾರ."

"ನೋಡ್ಲಿ. ನೀವ ಅಷ್ಟ ಮಂದ್ಯಾಗ ನಿಂತ್ರಿ."

ಮರುದಿನ ಬಸ್ಸಿನ ಕಟ್ಟೆಯಲ್ಲಿ ಊರಿನ ನಾಲ್ಕಾರು ಮಂದಿಯ ನಡುವೆ ಮಗದುಮ ಇದ್ದ. "ಎತ್ತಾಗ ಹೊಂಟೀರಿ?" ಅಂತ ಕೇಳಿದ. ಹಲ್ಲು ನೋವು ಅಂತ ಹೇಳಲು ತವನಪ್ಪ ಬಾಯಿ ತೆರೆದ. ಕುಸುಮ ಮೊದಲೇ ಹೇಳಿದಳು: "ಮಿರಜಿಗ್ರಿ. ನನಗೂ ಅದ ಬ್ಯಾನಿ ಐತ್ರಿ. ಸವಾಲಿನ ರೊಕ್ಕ ಕೊಟ್ಟ ಬರ್ತೀವಿ."

ಮಗದುಮ "ಹೂಂ" ಅಂದ. ಬೇವಿನ ಮರದ ಆಚೆಗೆ ಸರಿದ.

ಬಸ್ಸಿನಲ್ಲಿ ಊರವರು ಬಾಗಿಲಿಗೆ ಜೋತು ನಿಂತರು. ಮೂವರು ಕೂರುವ ಸೀಟಿನಲ್ಲಿ ಅವರ ಪಕ್ಕದ ಜಾಗ ಕಾಗವಾಡದ ತನಕ ಖಾಲಿಯೇ ಇತ್ತು. ಕಾಗವಾಡದಲ್ಲಿ ಬದನೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ ಹತ್ತಿದಳು. ಅವಳಿಗೆ ಇವರು ಯಾರೆಂದು ಗೊತ್ತಿರಲಿಲ್ಲ.

"ಸರಿ ಯವ್ವಾ ಅತ್ತಾಗ" ಅಂತ ಕುಸುಮಳ ಮೈಗೆ ಮೈ ತಾಗಿಸಿ ಕೂತು, ಬುಟ್ಟಿಯ ಅರ್ಧ ಭಾರ ಅವಳ ತೊಡೆಯ ಮೇಲೆ ಇಟ್ಟಳು. ಕುಸುಮ ಎರಡೂ ಕೈಯಿಂದ ಬುಟ್ಟಿ ಹಿಡಿದುಕೊಂಡು ಮಿರಜು ಬರುವ ತನಕ ಅಲುಗಾಡಲಿಲ್ಲ.